ಹನ್ನೊಂದು ಗಂಟೆಗೆ ಬೀದಿದೀಪ ಮಂಕಾಗುವುದೇಕೆ?

ಪ್ರಶ್ನೆ: ನಮ್ಮ ರಸ್ತೆಗೆ ಹೊಸ ಎಲ್‌ಇಡಿ ದೀಪ ಬಂದಿವೆ. ರಾತ್ರಿ ಹನ್ನೊಂದಾದರೆ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ. ವೋಲ್ಟೇಜ್ ತೊಂದರೆಯೇ? ಹೀಗೆ ಉರಿದರೆ ದೀಪ ಬೇಗ ಹಾಳಾಗುವುದಿಲ್ಲವೇ?

ಉತ್ತರ: ಎಲ್ಲವೂ ಒಟ್ಟಿಗೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ವೋಲ್ಟೇಜ್ ದಿನವೂ ಗಡಿಯಾರ ನೋಡಿಕೊಂಡು ಇಳಿಯುವುದಿಲ್ಲ. ಇಳಿದರೂ, ದೀಪದೊಳಗಿನ ಡ್ರೈವರ್ (ಎಲ್‌ಇಡಿಗೆ ಬೇಕಾದಷ್ಟೇ ಕರೆಂಟು ಕೊಡುವ ಸರ್ಕ್ಯೂಟು) ಸಣ್ಣಪುಟ್ಟ ಏರುಪೇರನ್ನು ತಾನೇ ಸರಿದೂಗಿಸುತ್ತದೆ. ಇದು ಬೇಕೆಂದೇ ಮಾಡಿದ ಮಂಕು. ಓಡಾಟ ಕಡಿಮೆಯಾದ ಮೇಲೆ ಅರ್ಧ ಶಕ್ತಿಯಲ್ಲಿ ಉರಿಯಲಿ ಎಂದು ಮೊದಲೇ ಹೊತ್ತು ಗೊತ್ತು ಮಾಡಿರುತ್ತಾರೆ.

ಲೆಕ್ಕ ಸುಲಭ. 100 ವ್ಯಾಟ್ ದೀಪ ಹನ್ನೆರಡು ಗಂಟೆ ಉರಿದರೆ 1.2 ಯೂನಿಟ್. ಅದರಲ್ಲಿ ಆರು ಗಂಟೆ 50 ವ್ಯಾಟ್‌ಗೆ ಇಳಿಸಿದರೆ 0.9 ಯೂನಿಟ್. ಕಾಲು ಭಾಗ ಉಳಿತಾಯ. ಕಣ್ಣಿಗೆ ಮಾತ್ರ ಬೆಳಕು ಅರ್ಧಕ್ಕರ್ಧ ಇಳಿದಂತೆ ಕಾಣುವುದೇ ಇಲ್ಲ. ನಿಮ್ಮ ಹಾಗೆ ಗಮನಿಸುವವರೇ ಕಡಿಮೆ. ಹಳೆಯ ಸೋಡಿಯಂ ದೀಪದಲ್ಲಿ ಈ ಆಟ ಕಷ್ಟವಿತ್ತು. ಹೊತ್ತಿಸಿದರೆ ಪೂರ್ತಿ ಬೆಳಕಿಗೆ ಕೆಲವು ನಿಮಿಷ ಬೇಕಿತ್ತು, ಬಿಸಿಯಿದ್ದಾಗ ಆರಿದರೆ ತಣ್ಣಗಾಗದೆ ಮತ್ತೆ ಹೊತ್ತುತ್ತಿರಲಿಲ್ಲ.

ಆಯಸ್ಸಿನ ಚಿಂತೆ ಬಿಡಿ. ಎಲ್‌ಇಡಿಗೆ ಶತ್ರು ಬಿಸಿ. ಕಡಿಮೆ ಕರೆಂಟು ಅಂದರೆ ಕಡಿಮೆ ಬಿಸಿ, ಆಯಸ್ಸು ಜಾಸ್ತಿಯೇ. ಕೆಟ್ಟ ದೀಪಗಳನ್ನು ಬಿಚ್ಚುವುದು ನನ್ನ ಕಸುಬು. ಎಷ್ಟೋ ಸಲ ಬೆಳಕು ಕೊಡುವ ಹಳದಿ ಚುಕ್ಕೆಗಳು ಗಟ್ಟಿಯಾಗೇ ಇರುತ್ತವೆ. ಡ್ರೈವರ್ ಡಬ್ಬಿಯಲ್ಲಿ ಕರೆಂಟು ಹಿಡಿದಿಟ್ಟು ಬಿಡುವ ಒಂದು ಸಣ್ಣ ಬಿಡಿಭಾಗ, ಕೆಪಾಸಿಟರ್, ತಲೆ ಉಬ್ಬಿಸಿಕೊಂಡು ಕೂತಿರುತ್ತದೆ. ಅಷ್ಟಕ್ಕೇ ಇಡೀ ದೀಪ ಗುಜರಿಗೆ!

ಒಂದು ತಕರಾರು ನನ್ನದೂ ಇದೆ. ಕೂಡುರಸ್ತೆ, ರಸ್ತೆ ದಾಟುವ ಜಾಗಗಳಲ್ಲೂ ಹೀಗೇ ಇಳಿಸಿದ್ದರೆ ಸುಮ್ನೆ ಬಿಡಬೇಡಿ. ಪ್ರತಿ ದೀಪಕ್ಕೂ ಬೇರೆ ಬೇರೆ ಹೊತ್ತು ಕೊಡಬಹುದು ಅನ್ನುವುದೇ ಸ್ಮಾರ್ಟ್ ದೀಪದ ಹೆಚ್ಚುಗಾರಿಕೆ ಅಲ್ವಾ?

ಪ್ರಶ್ನೆ: ಹೊಸ ಬಿಳಿ ಬೆಳಕು ಮಲಗುವ ಕೋಣೆಗೇ ನುಗ್ಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಕಿಟಕಿಯಿಂದ ನೋಡಿ. ದೀಪದ ಚುಕ್ಕೆಗಳು ನೇರ ಕಣ್ಣಿಗೆ ಹೊಡೆಯುತ್ತಿದ್ದರೆ ಅದನ್ನು ಓರೆಯಾಗಿ ಕೂರಿಸಿದ್ದಾರೆ. ನೆಲಕ್ಕೆ ಸಮವಾಗಿ ತಿರುಗಿಸಿ, ಹಿಂಬದಿಗೆ ಮರೆ ತಗಡು ಹಾಕಲು ಹೇಳಿ. ಖರ್ಚಿನ ಕೆಲಸವಲ್ಲ. ಇನ್ನು ಬಣ್ಣ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಅಂಕಿ ಕಡಿಮೆಯಾದಷ್ಟು ಹಳದಿ, ಹೆಚ್ಚಾದಷ್ಟು ನೀಲಿ ಬಿಳಿ. ಸೋಡಿಯಂ ದೀಪ ಸುಮಾರು 2,000 ಕೆಲ್ವಿನ್, ಕಣ್ಣು ಕುಕ್ಕುವ ಬಿಳಿ 5,000ದ ಮೇಲೆ. ಬೀದಿಗೆ 3,000 ಅಥವಾ ಅದಕ್ಕಿಂತ ಕಡಿಮೆ ಇರಲಿ ಎಂದು ಅಮೆರಿಕದ ವೈದ್ಯರ ಸಂಘವೇ 2016ರಲ್ಲಿ ಹೇಳಿತ್ತು. ಮನೆಗಳ ಸಾಲಿಗೆ ನಾನೂ ಅದನ್ನೇ ಹೇಳುತ್ತೇನೆ.

ಪ್ರಶ್ನೆ: ಮನೆ ಮುಂದಿನ ಒಂದು ದೀಪ ಹಗಲೂ ಉರಿಯುತ್ತದೆ. ಇದೆಂಥ ಸ್ಮಾರ್ಟ್?

ಉತ್ತರ: ದೀಪದ ನೆತ್ತಿಯ ಮೇಲೆ ಬಟ್ಟಲು ಕವುಚಿದಂಥ ಸಣ್ಣ ಡಬ್ಬಿ ಇದೆಯೇ ನೋಡಿ. ಅದು ಬೆಳಕು ಗುರುತಿಸುವ ಕಣ್ಣು. ಧೂಳೋ ಹಕ್ಕಿ ಹಿಕ್ಕೆಯೋ ಮುಚ್ಚಿದರೆ ಅದಕ್ಕೆ ಹಗಲೂ ರಾತ್ರಿಯೇ. ಕೆಟ್ಟರೂ ದೀಪ ಉರಿಯುತ್ತಲೇ ಇರುವಂತೆ ಮಾಡಿರುತ್ತಾರೆ, ಕತ್ತಲಿಗಿಂತ ಅದು ವಾಸಿ ಅಂತ. ಕಂಬದ ನಂಬರ್ ಬರೆದು ದೂರು ಕೊಡಿ. ಸಾಲಿಗೆ ಸಾಲೇ ಉರಿಯುತ್ತಿದ್ದರೆ ಮಾತ್ರ ಕಂಬದ ಮೇಲೆ ಹುಡುಕಿ ಫಲವಿಲ್ಲ. ಸ್ವಿಚ್ ಪೆಟ್ಟಿಗೆಯಲ್ಲಿ ಟೈಮರ್ ಹೊತ್ತು ತಪ್ಪಿರಬೇಕು, ಇಲ್ಲವೇ ಇಡೀ ಸಾಲಿಗೆ ಕರೆಂಟು ಬಿಡುವ ದೊಡ್ಡ ಸ್ವಿಚ್, ಕಾಂಟ್ಯಾಕ್ಟರ್, ಅಂಟಿಕೊಂಡಿರಬೇಕು.