ಗೋಳಗುಮ್ಮಟ ಚಿಕ್ಕದಾಗಿ ಕಾಣೋದು ಯಾಕೆ

ಊರಿನ ಹಳೇ ಕಾವಲು ಗೋಪುರ ಉಪ್ಪಲಿ ಬುರುಜಿನ ಮೇಲಿಂದ ವಿಜಯಪುರದ ಚಿತ್ರ ಬಿಡಿಸಿದರೆ ಕಟ್ಟಡಗಳೆಲ್ಲ ಕತ್ತರಿಸಿ ಅಂಟಿಸಿದ ರಟ್ಟಿನಂತೆ ಕಾಣ್ತವೆ, ಗೋಳಗುಮ್ಮಟವೂ ದೊಡ್ಡದು ಅನ್ಸಲ್ಲ ಅಂತ ಕೇಳಿದ್ದೀರಿ. ಮೊದಲು ದಿಗಂತದ ಗೆರೆ ನೋಡಿ. ಅದು ಯಾವಾಗಲೂ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರಬೇಕು. ಬುರುಜು ಎತ್ತರದಲ್ಲಿದೆ, ಹಾಗಾಗಿ ಊರಿನ ಮನೆಗಳ ತಾರಸಿ ಹೆಚ್ಚಾಗಿ ಗೆರೆಯ ಕೆಳಗೇ ಉಳಿಯುತ್ತವೆ. ಗುಮ್ಮಟ ಮಾತ್ರ ಗೆರೆ ದಾಟಿ ಮೇಲೆ ಹೋಗಬೇಕು. ನೀವು ಎಲ್ಲವನ್ನೂ ಗೆರೆಯ ಮೇಲೆ ಸಾಲಾಗಿ ನಿಲ್ಲಿಸಿರಬೇಕು, ಅಲ್ವಾ?

ಇನ್ನು ಪೆನ್ಸಿಲ್. ದೂರದ್ದಕ್ಕೆ ತಿಳಿ ಗೆರೆ ಬರುವ ಗಟ್ಟಿ ೨ಎಚ್, ಹಗುರ ಕೈ. ಮಧ್ಯಕ್ಕೆ ಸಾಧಾರಣ ಎಚ್‌ಬಿ. ಹತ್ತಿರದ ತಾರಸಿ, ನೀರಿನ ಟ್ಯಾಂಕ್, ಬೇವಿನ ಮರಕ್ಕೆ ಕಪ್ಪು ಗೆರೆ ಬರುವ ಮೆತ್ತನೆ ೪ಬಿ. ಬಿಸಿಲ ಧೂಳಲ್ಲಿ ದೂರದ್ದು ಮಸುಕಾಗೋದು ನಮ್ಮೂರಲ್ಲಿ ದಿನಾ ಕಾಣ್ತದೆ, ಅದನ್ನೇ ಹಾಳೆಗೆ ತನ್ನಿ. ದೂರದ ಕಿಟಕಿಗಳನ್ನು ಸುಮ್ನೆ ಬಿಡಿಸಬೇಡಿ. ಕಣ್ಣು ಕಿರಿದು ಮಾಡಿ ನೋಡಿದಾಗ ಕಾಣದ್ದು ಚಿತ್ರದಲ್ಲೂ ಬೇಡ.

ಗುಮ್ಮಟಕ್ಕೆ ಒಂದು ವಿನಾಯಿತಿ ಕೊಡಿ. ಮೂಲೆಯ ಎಂಟು ಮುಖದ ಗೋಪುರಗಳಲ್ಲಿ ಏಳು ಅಂತಸ್ತು ಇವೆ. ಆ ಕಮಾನಿನ ತೆರಪುಗಳನ್ನು ಏಳು ಸಾಲಲ್ಲಿ ಸಣ್ಣ ಚುಕ್ಕೆಯಾಗಿ ಇಡಿ. ಎತ್ತರ ತಾನಾಗೇ ಗೊತ್ತಾಗುತ್ತದೆ. ಗುಮ್ಮಟದ ನೆರಳಿನ ಕಡೆಯನ್ನು ಬೆರಳಿಂದ ಉಜ್ಜಬೇಡಿ, ಕೊಳಕಾಗುತ್ತೆ. ಅದರ ದುಂಡಿಗೆ ತಕ್ಕ ಹಾಗೆ ಬಾಗಿದ ಗೆರೆಗಳನ್ನೇ ಎಳೆಯಿರಿ.

ಮುಂದಿನ ಸಲ ಬೆಳಿಗ್ಗೆ ಹೋಗಿ. ಮಧ್ಯಾಹ್ನ ನೆರಳೇ ಸಿಗಲ್ಲ, ತಲೆನೂ ಕಾಯ್ತದೆ.