ಕೈ ಇಡುವ ಮೊದಲು ಕೇಸ್ ಶೀಟ್ ನೋಡು

ಪ್ರಶ್ನೆ: ಅಕ್ಕಾ, ಪಂಚಕರ್ಮ ಥೆರಪಿಸ್ಟ್ ಕೋರ್ಸ್ ಮುಗಿಸಿ ಗೋಕರ್ಣದ ರೆಸಾರ್ಟ್ ಒಂದರಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಕುಮಟಾದ ಆಸ್ಪತ್ರೆಯಲ್ಲಿ ಮಸಾಜ್ ಮಾಡುವ ಕೆಲಸ ಸಿಕ್ಕಿದೆ. ಅಲ್ಲಿ ಆಪರೇಷನ್ ಆದವರು, ವಯಸ್ಸಾದವರೇ ಜಾಸ್ತಿ. ಹೆದರಿಕೆ ಆಗುತ್ತಿದೆ. ಮೊದಲು ಏನು ಕಲಿಯಲಿ? ಮನೆಯಲ್ಲಿ ಬೇರೆ ‘ಆಸ್ಪತ್ರೆಗೆ ಹೋಗಿ ಎಣ್ಣೆ ತಿಕ್ಕೋದಾ’ ಅಂತಾರೆ.
ಓದುಗಿ, ಕುಮಟಾ

ಉತ್ತರ: ತಂಗೀ, ಆ ಹೆದರಿಕೆ ಸ್ವಲ್ಪ ಇರಲಿ, ಒಳ್ಳೆಯದೇ. ಶಿರಸಿಯಲ್ಲಿ ಇದೇ ಕೆಲಸ ಮಾಡಿಕೊಂಡು ಬಂದವಳು ನಾನು. ರೆಸಾರ್ಟಿಗೆ ಬರುವವರು ಹೆಚ್ಚಾಗಿ ಗಟ್ಟಿಮುಟ್ಟು. ಆಸ್ಪತ್ರೆಯಲ್ಲಿ ಹಾಗಲ್ಲ. ಎಲ್ಲಿ ಕೈ ಇಡಬಾರದು ಅನ್ನುವುದನ್ನೇ ಮೊದಲು ಕಲಿ.

ಎಣ್ಣೆ ಬಿಸಿ ಮಾಡುವ ಮೊದಲು ಕೇಸ್ ಶೀಟ್ ಓದು. ರಕ್ತ ತೆಳುವಾಗುವ ಮಾತ್ರೆ ನಡೀತಿದೆಯಾ? ಪ್ಲೇಟ್‌ಲೆಟ್ ಕಡಿಮೆ ಇದೆಯಾ? ಹಾಗಿದ್ದರೆ ಜೋರಾಗಿ ಒತ್ತುವಂತಿಲ್ಲ, ಒತ್ತಿದಲ್ಲೆಲ್ಲ ಚರ್ಮ ನೀಲಿಗಟ್ಟಬಹುದು. ಜ್ವರ ಇದ್ದ ದಿನ ಬೇಡ. ಹೊಸ ಹೊಲಿಗೆ, ಕೀವು ಇರುವ ಜಾಗ ಮುಟ್ಟಲೇಬೇಡ.

ಒಮ್ಮೆ ಸೊಂಟದ ಆಪರೇಷನ್ ಆಗಿ ಮಲಗಿದ್ದ ಅಜ್ಜಿಯೊಬ್ಬರು ‘ಕಾಲು ಸೆಳೀತದೆ ಮಗಾ, ಸ್ವಲ್ಪ ತಿಕ್ಕು’ ಅಂದರು. ನೋಡಿದರೆ ಒಂದೇ ಕಾಲು ಊದಿದೆ. ಮೀನಖಂಡ ಮುಟ್ಟಿದೆ, ಇನ್ನೊಂದು ಕಾಲಿಗಿಂತ ಬಿಸಿ. ಎಣ್ಣೆ ಬಟ್ಟಲು ಕೆಳಗಿಟ್ಟು ಸಿಸ್ಟರನ್ನು ಕರೆದೆ. ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಯಿತು. ತಿಕ್ಕಿದರೆ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಜೀವಕ್ಕೇ ಅಪಾಯ. ರೋಗಿ ಎಷ್ಟೇ ಕೇಳಿಕೊಳ್ಳಲಿ, ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಡಾಕ್ಟರಿಗೆ ಹೇಳದೆ ಕೈ ಹಚ್ಚಬೇಡ.

ಹಾಸಿಗೆ ಹಿಡಿದವರ ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಮಲಗಿದಲ್ಲೇ ಮಲಗಿ ಚರ್ಮ ಕೆಂಪಾಗಿದ್ದರೆ ‘ಅಲ್ಲೇ ಚೆನ್ನಾಗಿ ತಿಕ್ಕು’ ಎಂದು ಮನೆಯವರು ಹೇಳುತ್ತಾರೆ. ಹಿಂದೆ ಆಸ್ಪತ್ರೆಗಳಲ್ಲೂ ಹಾಗೇ ಮಾಡುತ್ತಿದ್ದರು. ಆದರೆ ತಿಕ್ಕಿದರೆ ಒಳಗಿನ ಮಾಂಸ ಇನ್ನೂ ಹಾಳಾಗುತ್ತದೆ. ಅವರಿಗೆ ಬೇಕಾದ್ದು ಮಗ್ಗುಲು ಬದಲಿಸುವುದು. ಸಕ್ಕರೆ ಕಾಯಿಲೆ ಹಳೆಯದಾದವರ ಪಾದಕ್ಕೆ ಬಿಸಿಯೇ ತಿಳಿಯದೆ ಹೋಗಬಹುದು. ‘ಬಿಸಿ ಸಾಕಾ’ ಎಂದು ಕೇಳಿ, ಅವರು ಹೂಂ ಅಂದರೆ ನಂಬಿಬಿಡಬೇಡ. ಎಣ್ಣೆಯಾಗಲಿ, ಎಲೆಕಿಳಿಯಾಗಲಿ (ಔಷಧಿ ಎಲೆ ಕಟ್ಟಿದ ಬಿಸಿ ಗಂಟು), ಮೊದಲು ನಿನ್ನ ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡು.

ಇಷ್ಟೆಲ್ಲ ಬೇಡಗಳ ನಡುವೆ ಮಾಡುವುದು ಬೇಕಾದಷ್ಟಿದೆ. ನಮ್ಮ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ದಿನವಿಡೀ ಬಗ್ಗಿ ಕೂತ ಹೆಂಗಸರು ಕುತ್ತಿಗೆ ತಿರುಗಿಸಲಾಗದೆ ಬರುತ್ತಾರೆ. ಭುಜದ ಮೇಲಿನ ಗಂಟು ಬೆರಳಿಗೆ ಸಿಗುತ್ತದೆ. ನಿಧಾನ ಒತ್ತಿ ಹಿಡಿದರೆ ಸಡಿಲಾಗುವುದೂ ಗೊತ್ತಾಗುತ್ತದೆ. ಕೀಮೋ ತೆಗೆದುಕೊಳ್ಳುವವರಿಗೆ, ಡಾಕ್ಟರು ಒಪ್ಪಿದ ಮೇಲೆ, ಬರೀ ಅಂಗೈ, ಪಾದ ಹಗುರಾಗಿ ನೀವಿದರೂ ಸಾಕು. ಕೆಲವರಿಗೆ ಅಲ್ಲೇ ನಿದ್ದೆ ಹತ್ತುತ್ತದೆ.

ಉಗುರು ಚಿಕ್ಕದಿರಲಿ. ಬಳೆ, ಉಂಗುರ ತೆಗೆದಿಡು. ‘ಬಳೆ ತೆಗೆಯೋದಾ’ ಎಂದು ಮನೆಯಲ್ಲಿ ಕೇಳಿದರೆ ರೋಗಿಯ ಚರ್ಮ ಗೀರುತ್ತದೆ, ಸೋಂಕೂ ಕೂರುತ್ತದೆ ಅಂತ ಬಿಡಿಸಿ ಹೇಳು. ಒಬ್ಬೊಬ್ಬ ರೋಗಿಯನ್ನು ಮುಟ್ಟುವ ಮೊದಲೂ ಆಮೇಲೂ ಕೈ ತೊಳಿ.

ಎಣ್ಣೆ ತಿಕ್ಕೋದು ಎಂಬ ಮಾತು ಕೇಳಿದರೆ ನನಗೂ ಸಿಟ್ಟು ಬರುತ್ತದೆ. ಅದಕ್ಕೆ ವಾದ ಬೇಡ. ಯಾವ ತೈಲ, ಯಾವ ಜಾಗ, ಎಷ್ಟು ಹೊತ್ತು, ರೋಗಿ ಏನಂದರು, ಎಲ್ಲ ಫೈಲಿನಲ್ಲಿ ಬರೆ. ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ಓದಿ ನಿನ್ನನ್ನೇ ಕರೆದು ಕೇಳುತ್ತಾರೆ. ಸೇರುವ ದಿನವೇ ಎರಡು ವಿಷಯ ಕೇಳಿಕೋ: ಮಸಾಜಿನ ಆರ್ಡರ್ ಯಾರು ಬರೆಯುತ್ತಾರೆ, ಗಂಡಸು ರೋಗಿಗಳಿಗೆ ಗಂಡಸು ಥೆರಪಿಸ್ಟ್ ಇದ್ದಾರಾ ಎಂದು.