ಆ ಸಾಲನ್ನು ಏಕೆ ಅಳಿಸಬೇಕು?

ಪತ್ರ: “ರೈಲ್ವೆ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಕುರಿತ ಲೇಖನದಲ್ಲಿ, ಹದಿನೆಂಟು ವರ್ಷವಾದರೂ ಆತನಿಗೆ ಓದುಬರಹ ಬರುತ್ತಿರಲಿಲ್ಲವೆಂದು ಎದ್ದು ಕಾಣುವಂತೆ ಬರೆದಿದ್ದೀರಿ. ಮಕ್ಕಳು ಇದನ್ನೇ ನೆಪ ಮಾಡಿಕೊಂಡರೆ ಗತಿಯೇನು? ಮಹನೀಯರ ಸಾಧನೆಯನ್ನಷ್ಟೇ ಹೇಳಿದರೆ ಸಾಲದೇ? ದಯವಿಟ್ಟು ತಿದ್ದುಪಡಿ ಪ್ರಕಟಿಸಿ.”
– ನಿವೃತ್ತ ಶಿಕ್ಷಕರೊಬ್ಬರು, ಹಾಸನ

ಸಂಪಾದಕರ ಉತ್ತರ:

ಮಾನ್ಯರೇ, ಶಾಲೆ ತಪ್ಪಿಸುವ ಹುಡುಗನಿಗೆ ಇಂಥ ಉದಾಹರಣೆ ಬೇಗ ಬಾಯಿಗೆ ಬರುತ್ತದೆ ಎಂಬ ನಿಮ್ಮ ಆತಂಕವನ್ನು ಒಪ್ಪುತ್ತೇನೆ. ಆದರೆ ಆ ಸಾಲಿನ ಮುಂದಿನ ಸಾಲನ್ನು ನೀವು ಗಮನಿಸಿದಂತಿಲ್ಲ. 1781ರಲ್ಲಿ ಇಂಗ್ಲೆಂಡಿನ ನಾರ್ಥಂಬರ್ಲೆಂಡಿನ ವೈಲಮ್‌ನಲ್ಲಿ, ಗಣಿಯ ಪಂಪಿನ ಎಂಜಿನ್ನಿಗೆ ಬೆಂಕಿ ಹಾಕುವವನ ಮಗನಾಗಿ ಹುಟ್ಟಿದ ಆತ, ಹಗಲು ಗಣಿಯಲ್ಲಿ ದುಡಿದು, ಕೂಲಿಯ ಹಣದಲ್ಲೇ ರಾತ್ರಿ ಶಾಲೆಗೆ ಶುಲ್ಕ ಕಟ್ಟಿ ಅಕ್ಷರ ಕಲಿತ. 1806ರಲ್ಲಿ ಹೆಂಡತಿ ತೀರಿಕೊಂಡಾಗ ಮಗ ರಾಬರ್ಟ್ ಇನ್ನೂ ಚಿಕ್ಕ ಮಗು. ಸ್ಟೀಫನ್‌ಸನ್ ಗಡಿಯಾರ ಮತ್ತು ಪಾದರಕ್ಷೆ ರಿಪೇರಿ ಮಾಡಿ ಹೆಚ್ಚುವರಿ ಕಾಸು ಕೂಡಿಸಿದ. ಮಗನನ್ನು ನ್ಯೂಕ್ಯಾಸಲ್‌ನ ಶಾಲೆಗೆ ಕಳಿಸಿ, ಅವನು ತಂದ ಪುಸ್ತಕಗಳನ್ನು ಅವನ ಜೊತೆಯಲ್ಲೇ ಕುಳಿತು ಓದಿದ. ತಂದೆಮಕ್ಕಳು ಲೆಕ್ಕ ಹಾಕಿ ಕೂಡಿಸಿದ 1816ರ ಸೂರ್ಯಗಡಿಯಾರ ಕಿಲ್ಲಿಂಗ್‌ವರ್ತ್‌ನ ಅವರ ಮನೆಯ ಬಾಗಿಲ ಮೇಲಿದೆ. ಇದರಲ್ಲಿ ಸೋಮಾರಿಗೆ ಸಿಗುವ ನೆಪ ಯಾವುದು, ನೀವೇ ಹೇಳಿ.

ಆ ಸಾಲನ್ನು ಅಳಿಸಿದರೆ ಉಳಿದ ಬದುಕೇ ಅರ್ಥವಾಗುವುದಿಲ್ಲ. 1815ರಲ್ಲಿ, ಗಣಿಯೊಳಗಿನ ಅನಿಲಕ್ಕೆ ಬೆಂಕಿ ಹತ್ತಿಸದೆ ಉರಿಯುವ ಸುರಕ್ಷಾ ದೀಪವನ್ನು ಹೆಸರಾಂತ ವಿಜ್ಞಾನಿ ಹಂಫ್ರಿ ಡೇವಿ ಮತ್ತು ಸ್ಟೀಫನ್‌ಸನ್ ಬೇರೆ ಬೇರೆಯಾಗಿ ರೂಪಿಸಿದರು. ನಮ್ಮ ಲೇಖಕರು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ನನಗೆ ಬೇಸರ ತಂದಿತ್ತು. ಉರಿಯುವ ಅನಿಲ ಸೂಸುವ ಬಿರುಕಿನ ಬಳಿಗೆ ಹೊತ್ತಿಸಿದ ದೀಪವನ್ನು ಸ್ವತಃ ಹಿಡಿದುಕೊಂಡು ಹೋಗಿ ಪರೀಕ್ಷಿಸಿದವನು ಸ್ಟೀಫನ್‌ಸನ್. ಆದರೆ ವಿಜ್ಞಾನ ಓದದ ಗಣಿ ಕೆಲಸಗಾರನೊಬ್ಬ ಇದನ್ನು ತಾನಾಗಿ ಕಂಡುಕೊಂಡಿರಲಾರ, ಕದ್ದಿರಬೇಕು ಎಂಬ ಆರೋಪ ಹೊತ್ತವನೂ ಅವನೇ. ಡೇವಿಗೆ 2,000 ಪೌಂಡ್ ಬಹುಮಾನ ಸಂದಿತು. ಸ್ಥಳೀಯರು ಸಾಕ್ಷ್ಯ ಕಲೆಹಾಕಿ, ಸ್ಟೀಫನ್‌ಸನ್ನನ ಪ್ರಾಮಾಣಿಕತೆಯನ್ನು ಎತ್ತಿಹಿಡಿದು, 1,000 ಪೌಂಡ್ ಕೊಟ್ಟರು. ಇಬ್ಬರ ಹಕ್ಕೂ ಸಮಾನವೆಂದು ಸಂಸತ್ತಿನ ಸಮಿತಿ ಹೇಳಿದ್ದು 1833ರಲ್ಲಿ.

ಇನ್ನು 1825. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗದ ಮಸೂದೆಗಾಗಿ ಸ್ಟೀಫನ್‌ಸನ್ ಸಂಸತ್ತಿನ ಸಮಿತಿಯ ಮುಂದೆ ನಿಂತಾಗ ವಿರೋಧಿ ವಕೀಲ ಎಡ್ವರ್ಡ್ ಆಲ್ಡರ್ಸನ್ ಆತನ ಸರ್ವೆಯನ್ನು ಚಿಂದಿ ಮಾಡಿದ. ಮಟ್ಟದ ಅಳತೆಗಳು ನಿಜವಾಗಿಯೂ ತಪ್ಪಾಗಿದ್ದವು. ಸಹಾಯಕರ ಕೆಲಸವನ್ನು ಆತ ಸರಿಯಾಗಿ ಪರಿಶೀಲಿಸಿರಲಿಲ್ಲ. ಮಸೂದೆ ಬಿತ್ತು, ಆತನ ಹುದ್ದೆಯೂ ಹೋಯಿತು. ಮರುವರ್ಷ ಬೇರೆಯವರ ಸರ್ವೆಯ ಮೇಲೆ ಮಸೂದೆ ಅಂಗೀಕಾರವಾದಾಗ ಕಂಪನಿ ಮತ್ತೆ ಆತನನ್ನೇ ಕರೆಯಿತು. ಚಾಟ್ ಮಾಸ್ ಎಂಬ ಜೌಗುನೆಲದ ಮೇಲೆ ಹಳಿ ಹಾಯಿಸುವುದು ಅಸಾಧ್ಯವೆಂದು ಎದುರಾಳಿಗಳು ನಕ್ಕಿದ್ದರು. ಆತ ಕುರುಚಲು ಗಿಡ ಮತ್ತು ಕೊಂಬೆಗಳ ತಟ್ಟಿಗಳನ್ನು ಹಾಸಿ, ಅಲ್ಲಿನ ಮಾರ್ಗವನ್ನು ಕೆಸರಿನ ಮೇಲೆ ತೆಪ್ಪದಂತೆ ತೇಲಿಸಿದ. 1830ರಲ್ಲಿ ರೈಲು ಓಡಿತು. ಪ್ರಾಸಂಗಿಕವಾಗಿ ಹೇಳುವುದಾದರೆ, ಗಣಿ ಬಂಡಿಗಳ ದಾರಿಯಿಂದ ಆತ ಎತ್ತಿಕೊಂಡ ಹಳಿಗಳ ನಡುವಿನ ಅಗಲ ತುಸು ಹಿಗ್ಗಿ 1,435 ಮಿಲಿಮೀಟರ್ ಆಯಿತು. ಬೆಂಗಳೂರಿನ ಮೆಟ್ರೊ ಇಂದು ಓಡುವುದು ಅದೇ ಅಗಲದ ಹಳಿಯ ಮೇಲೆ.

ನನ್ನ ಮುನಿಸು ನಿಮ್ಮೊಬ್ಬರ ಮೇಲಲ್ಲ. ನಮ್ಮ ಕಚೇರಿಗೆ ಬರುವ ವ್ಯಕ್ತಿಚಿತ್ರಗಳಲ್ಲಿ ಎಲ್ಲರೂ ಬಾಲ್ಯದಲ್ಲೇ ಏಕಪಾಠಿಗಳು, ಎಲ್ಲರೂ ಬೀದಿದೀಪದ ಕೆಳಗೆ ಓದಿದವರು, ಯಾರೂ ಎಂದೂ ಫೇಲಾದವರಲ್ಲ. ದೊಡ್ಡ ಗುತ್ತಿಗೆದಾರರೊಬ್ಬರು ಯೌವನದಲ್ಲಿ ಕಲ್ಲು ಹೊತ್ತಿದ್ದರೆಂಬ ಸಾಲನ್ನು ತೆಗೆಯುವಂತೆ ಅವರ ಮಕ್ಕಳೇ ಫೋನು ಮಾಡಿದ್ದುಂಟು. ಅಭಿನಂದನ ಗ್ರಂಥಗಳ ವಿಷಯ ಬಿಡಿ. ಅವುಗಳಲ್ಲಿ ಪದವಿ, ಪ್ರಶಸ್ತಿ, ಶಾಲು, ಹಾರಗಳ ಪಟ್ಟಿಯಿರುತ್ತದೆ, ಅವರು ಕೈಯಿಂದ ಮಾಡಿದ ಕೆಲಸದ ವಿವರವಿರುವುದಿಲ್ಲ. ಸ್ಟೀಫನ್‌ಸನ್ನಾದರೋ ‘ಸರ್’ ಎನಿಸಿಕೊಳ್ಳುವ ನೈಟ್ ಪದವಿಯನ್ನೇ ಬೇಡವೆಂದವನು.

ಆದಕಾರಣ ತಿದ್ದುಪಡಿ ಪ್ರಕಟಿಸುವುದಿಲ್ಲ. ಬದಲಿಗೆ, ಸ್ಥಳಾಭಾವದಿಂದ ಬಿಟ್ಟ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ: ಕೊನೆಗಾಲದಲ್ಲಿ ಚೆಸ್ಟರ್‌ಫೀಲ್ಡ್ ಬಳಿಯ ಟ್ಯಾಪ್ಟನ್ ಹೌಸ್‌ನಲ್ಲಿದ್ದ ಆತ, ಸೌತೆಕಾಯಿಗಳು ಸೊಟ್ಟಗೆ ಬೆಳೆಯುವುದನ್ನು ಸಹಿಸದೆ, ಗಾಜಿನ ಕೊಳವೆಗಳನ್ನು ಮಾಡಿಸಿ ಅವುಗಳೊಳಗೆ ನೇರವಾಗಿ ಬೆಳೆಸಿದ. ಇದೂ ಮಹನೀಯರ ಘನತೆಗೆ ಕುಂದೆನಿಸಿದರೆ ದಯವಿಟ್ಟು ಇನ್ನೊಂದು ಪತ್ರ ಬರೆಯಿರಿ.